ಕೆಸರಲ್ಲಿ ಸಿಕ್ಕ ಕಾಲು, ಹರಾಜಲ್ಲಿ ಸಿಕ್ಕ ಹುಡುಗ

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯ ಒಂದು ಸಮುದಾಯ ಭವನ. ಜುಲೈ ತಿಂಗಳ ಭಾನುವಾರ. ತಗಡಿನ ಮಾಡಿನ ಮೇಲೆ ಮಳೆ ಹೇಗೆ ಬಡಿಯುತ್ತಿತ್ತೆಂದರೆ, ಮೈಕ್ ಹಿಡಿದವನು ‘ಒಂದು ಸಲ, ಎರಡು ಸಲ’ ಎನ್ನುವುದು ಮುಂದಿನ ಎರಡು ಸಾಲು ಬಿಟ್ಟರೆ ಯಾರಿಗೂ ಕೇಳುತ್ತಿರಲಿಲ್ಲ. ಹಿಂದೆ ಕೂತವರು ಮೇಲೆದ್ದ ಕೈಗಳನ್ನು ನೋಡಿಯೇ ಲೆಕ್ಕ ಹಿಡಿಯಬೇಕಿತ್ತು. ಹರಾಜಾಗುತ್ತಿದ್ದದ್ದು ಕಾಫಿಯಲ್ಲ, ಮೆಣಸಲ್ಲ, ದೇವಸ್ಥಾನದ ತೆಂಗಿನಕಾಯಿಯೂ ಅಲ್ಲ, ನಮ್ಮೂರ ಹುಡುಗರು. ಮಳೆ ಕಳೆದ ಮೇಲೆ ಅಕ್ಟೋಬರಿನಲ್ಲಿ ನಡೆಯುವ ಫೈವ್ಸ್ ಫುಟ್‌ಬಾಲ್ ಲೀಗಿಗೆ ಆರು ತಂಡ, ತಂಡಕ್ಕೆ ಒಂದು ಲಕ್ಷ ಪಾಯಿಂಟ್. ದುಡ್ಡಲ್ಲ, ಬರೀ ಪಾಯಿಂಟ್. ಆದರೂ ಓನರ್‌ಗಳ ಮುಖ ನೋಡಿದರೆ ತೋಟ ಬರೆದುಕೊಡಲು ಕೂತಿದ್ದಾರೇನೋ ಅನ್ನಿಸುತ್ತಿತ್ತು.

ನಮ್ಮ ತಂಡದ ಟೇಬಲ್ಲಿನಲ್ಲಿ ನಾನೂ ಇದ್ದೆ. ಆಟ ಬಲ್ಲವನೆಂದಲ್ಲ, ಪೇಪರಿಗೆ ಬರೆಯುವವನು ಲೆಕ್ಕವನ್ನೂ ಬರೆದಾನು ಎಂದು ಕೂರಿಸಿದ್ದರು. ಎಲ್ಲ ಆರು ತಂಡಗಳ ಬಿಡ್ಡೂ ನನ್ನ ಪುಸ್ತಕದಲ್ಲೇ ಏರಬೇಕು. ಕಳಸದ ಕಡೆಯ ಒಬ್ಬ ಫಾರ್ವರ್ಡ್ ಹುಡುಗನ ಹೆಸರು ಬಂತು. ಹಿಂದಿನ ವರ್ಷ ಅತಿ ಹೆಚ್ಚು ಗೋಲು ಹೊಡೆದವನು. ಐದು ಸಾವಿರದಿಂದ ಶುರುವಾದದ್ದು ಮೂವತ್ತು ದಾಟಿತು, ನಲವತ್ತಕ್ಕೆ ನಿಂತಿತು. 42 ಸಾವಿರಕ್ಕೆ ಕೈ ಎತ್ತಿದ್ದು ನಾನೇ. ಪಕ್ಕದಲ್ಲಿದ್ದ ಓನರ್ ನನ್ನ ತೊಡೆಗೆ ಚಪ್ಪರಿಸಿ ‘ಭೇಷ್’ ಅಂದರು. ಸುತ್ತ ಚಪ್ಪಾಳೆ. ಆ ಚಪ್ಪಾಳೆ ಮಳೆಯಲ್ಲೂ ಕೇಳಿಸಿತು.

ಆಮೇಲೆ ಆಗಸ್ಟ್ ಬಂತು. ಮಲೆನಾಡಿನಲ್ಲಿ ಆಗಸ್ಟ್ ಅಂದರೆ ಕೆಸರುಗದ್ದೆ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ, ಕಡೆಗೊಂದು ಫುಟ್‌ಬಾಲು. ಲೀಗಿಗೂ ಇದಕ್ಕೂ ಸಂಬಂಧವಿಲ್ಲ; ಮಜಕ್ಕೆ ಆಡುವ ಆಟ. ನಮ್ಮ 42 ಸಾವಿರದ ಹುಡುಗನೂ ಇಳಿದ. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದೆ. ಅವನಿಗೂ ಚೆಂಡಿಗೂ ನಡುವೆ ಯಾರೂ ಇರಲಿಲ್ಲ. ಎಡಗಾಲು ಮೀನಖಂಡದವರೆಗೆ ಹೂತಿತ್ತು. ಬಲಗಡೆಯಿಂದ ಯಾರೋ ಕೂಗಿದ್ದಕ್ಕೆ ಅತ್ತ ತಿರುಗಿದ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಅಷ್ಟೇ. ಯಾರೂ ಮುಟ್ಟಲಿಲ್ಲ, ತಳ್ಳಲಿಲ್ಲ. ಅವನು ಮಗುಚಿಕೊಂಡದ್ದು ನೋಡಿ ಮೊದಲು ಎಲ್ಲರೂ ನಕ್ಕರು, ಕೆಸರುಗದ್ದೆಯಲ್ಲಿ ಬೀಳುವುದೇ ಆಟ. ಅವನು ಏಳಲಿಲ್ಲ. ಒಳಗೆ ಏನೋ ‘ಪಟ್’ ಅಂತು ಎಂದು ಆಮೇಲೆ ಹೇಳಿದ.

ಮರುದಿನ ಚಾರ್ಮಾಡಿ ಇಳಿದು ಮಂಗಳೂರಿಗೆ ಕರೆದುಕೊಂಡು ಹೋದೆವು. ಘಾಟಿಯಲ್ಲಿ ಮಂಜು, ಮುಂದಿನ ಬಸ್ಸಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ಹಿಂದಿನ ಸೀಟಿನಲ್ಲಿ ಅವನು ಕಾಲು ಉದ್ದಕ್ಕೆ ಚಾಚಿ, ಬಾತ ಮಂಡಿಯ ಮೇಲೆ ಟವೆಲಿನಲ್ಲಿ ಸುತ್ತಿದ ಐಸ್ ಇಟ್ಟುಕೊಂಡಿದ್ದ. ಪ್ರತಿ ತಿರುವಿಗೂ ಹಲ್ಲು ಕಚ್ಚುತ್ತಿದ್ದ. ಎಂಆರ್‌ಐ ಆಯಿತು. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟು ಹರಿದಿದೆ, ಆಪರೇಷನ್ ಆಗಬೇಕು, ಒಂಬತ್ತು ತಿಂಗಳು ಆಟದ ಮಾತೇ ಬೇಡ ಅಂದರು ಡಾಕ್ಟರು. ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಲ್ಲಿಸಿದೆವು. ಅವನು ಕಾರಿನಿಂದ ಇಳಿಯಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಹೋಟೆಲು, ಸೊಸೈಟಿ, ಕಟಿಂಗ್ ಶಾಪು, ಹೋದಲ್ಲೆಲ್ಲ ಒಂದೇ ಮಾತು.

‘ನಾನು ಅವತ್ತೇ ಹೇಳಿರ್ಲಿಲ್ವಾ ಮಾರಾಯ್ರೆ? ಅವನ ಕಾಲು ಸರಿ ಇಲ್ಲ ಅಂತ?’

‘ಒಬ್ಬನ ಮೇಲೆ ಅಷ್ಟು ಸುರಿದ್ರೆ ಇನ್ನೆಂತ ಆಗ್ತದೆ ಮತ್ತೆ.’

‘ಆ ಡಿಫೆಂಡರ್ ಹುಡುಗ ಎಂಟು ಸಾವಿರಕ್ಕೆ ಹೋದ. ಅವನನ್ನ ಬಿಟ್ರಲ್ಲ ನೀವು!’

ಮನೆಗೆ ಬಂದು ಹರಾಜಿನ ಪುಸ್ತಕ ತೆಗೆದೆ. ನನ್ನದೇ ಅಕ್ಷರ. ‘ಅವತ್ತೇ ಹೇಳಿದ್ದೆ’ ಎಂದವರಲ್ಲಿ ಒಬ್ಬರು ಅದೇ ಹುಡುಗನಿಗೆ 38 ಸಾವಿರದವರೆಗೆ ಏರಿಸಿದ್ದರು. ಇನ್ನೊಬ್ಬರು 40ಕ್ಕೆ ಬಂದು, ಪಾಯಿಂಟ್ ಸಾಲದೆ ಕೈ ಕೆಳಗಿಳಿಸಿದ್ದರು. ಕಾಲು ಸರಿ ಇಲ್ಲವೆಂದು ಗೊತ್ತಿದ್ದವರು 40 ಸಾವಿರದವರೆಗೆ ಯಾಕೆ ಬಂದರು? ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳಲಾರೆ. ತಾವು ಅಂದೇ ಹೇಳಿದ್ದೆವೆಂದು ಅವರು ನಿಜವಾಗಿಯೂ ನಂಬಿದ್ದಾರೆ.

ಈ ನಂಬಿಕೆಯ ಬೆನ್ನು ಹತ್ತಿದವರಿದ್ದಾರೆ. 1975ರಲ್ಲಿ ಬರೂಕ್ ಫಿಶಾಫ್ ಎಂಬ ಮನಃಶಾಸ್ತ್ರಜ್ಞ ಒಂದು ಸರಳ ಪ್ರಯೋಗ ಮಾಡಿದ. 1814ರ ಬ್ರಿಟಿಷರ ಮತ್ತು ಗೂರ್ಖಾಗಳ ಯುದ್ಧದ ಕುರಿತ ಒಂದು ಬರಹವನ್ನು ಜನರಿಗೆ ಓದಲು ಕೊಟ್ಟ. ಕೆಲವರಿಗೆ ಬ್ರಿಟಿಷರು ಗೆದ್ದರು ಎಂದು ಹೇಳಿದ, ಕೆಲವರಿಗೆ ಗೂರ್ಖಾಗಳು ಗೆದ್ದರು ಎಂದು, ಇನ್ನು ಕೆಲವರಿಗೆ ಏನೂ ಹೇಳಲಿಲ್ಲ. ಆಮೇಲೆ, ಯಾವ ಫಲಿತಾಂಶ ಬರುವ ಸಂಭವ ಎಷ್ಟಿತ್ತು ಎಂದು ಕೇಳಿದ. ಯಾರಿಗೆ ಯಾವ ಫಲಿತಾಂಶ ಹೇಳಿದ್ದನೋ ಅವರಿಗೆ ಅದೇ ಆಗುವಂಥದ್ದು ಅನ್ನಿಸಿತ್ತು. ಓದಿದ ಬರಹ ಎಲ್ಲರಿಗೂ ಒಂದೇ. ಕೊನೆ ಗೊತ್ತಾದದ್ದೇ ತಡ, ನಡುವಿನ ಸಾಲುಗಳೆಲ್ಲ ಅದರ ಕಡೆಗೇ ಬೆರಳು ತೋರಿಸತೊಡಗುತ್ತವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮವರು ಹೇಳಿದ್ದು ತಡವಾಗಿ ಬರುವ ಬುದ್ಧಿಯ ಬಗ್ಗೆ. ಫಿಶಾಫ್ ಕಂಡದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ತಡವಾಗಿ ಬಂದ ಬುದ್ಧಿ ತಾನು ಮೊದಲೇ ಬಂದಿದ್ದೆ ಎಂದು ಸಾಧಿಸುತ್ತದೆ.

ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜನ್ನು ನೆನಪು ಮಾಡಿಕೊಳ್ಳಿ. ಅದೇ ವರ್ಷದ ಏಪ್ರಿಲಿನಲ್ಲಿ 41 ಚೆಂಡಿಗೆ ನೂರು ಹೊಡೆದಿದ್ದ ವಿಲ್ ಜಾಕ್ಸ್ ಕೈತಪ್ಪಿ ಮುಂಬೈಗೆ 5.25 ಕೋಟಿಗೆ ಹೋದ. ನಮ್ಮವನೇ ಆದ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಯ ಪಾಲಾದ. ಬದಲಿಗೆ 12.5 ಕೋಟಿ ಕೊಟ್ಟು ತಂದದ್ದು ಜೋಶ್ ಹೇಝಲ್‌ವುಡ್‌ನನ್ನು. ಹರಾಜು ಮುಗಿದ ಮರುತಿಂಗಳೇ ಅವನ ಮೀನಖಂಡ ಕೈಕೊಟ್ಟಿತು; 2025ರ ಚಾಂಪಿಯನ್ಸ್ ಟ್ರೋಫಿಗೂ ಇಲ್ಲ. ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನಿಂದ ಕಳಸದ ಪೇಟೆಯವರೆಗೆ ಎಲ್ಲರೂ ಆಯ್ಕೆ ಸಮಿತಿಯವರೇ ಆಗಿದ್ದ ದಿನಗಳು ಅವು. ಹೇಝಲ್‌ವುಡ್ ಬಂದ, 22 ವಿಕೆಟ್ ತೆಗೆದ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ತಂಡ ಮೊದಲ ಸಲ ಕಪ್ ಎತ್ತಿತು. ಆವತ್ತಿನಿಂದ ಜೆಡ್ಡಾದ ಹರಾಜು ‘ಪಕ್ಕಾ ಪ್ಲಾನು’. ಅದೇ ಮೀನಖಂಡ ಮಾರ್ಚಿನಲ್ಲಿ ಇನ್ನೊಮ್ಮೆ ಜಗ್ಗಿದ್ದರೆ ಅದೇ ಹರಾಜು ‘ದಂಡ’ ಆಗಿರುತ್ತಿತ್ತು. ಹರಾಜಿನ ಟೇಬಲ್ಲಿನಲ್ಲಿ ಕೂತವರ ತಲೆಯಲ್ಲಿದ್ದ ಲೆಕ್ಕ ಮಾತ್ರ ಎರಡೂ ಸಂದರ್ಭದಲ್ಲಿ ಒಂದೇ.

ಕಪ್ ಎತ್ತಿದ ನಾಯಕ ರಜತ್ ಪಾಟಿದಾರ್‌ನದು ಇನ್ನೂ ಸ್ವಾರಸ್ಯದ ಕಥೆ. 2022ರ ಹರಾಜಿನಲ್ಲಿ ಅವನನ್ನು ಯಾರೂ ಕೊಳ್ಳಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಮದುವೆ ನಿಗದಿಯಾಗಿತ್ತು. ಅಷ್ಟರಲ್ಲಿ ಆರ್‌ಸಿಬಿಯ ಲವನೀತ್ ಸಿಸೋಡಿಯಾ ಎಂಬ ನಮ್ಮ ಕರ್ನಾಟಕದ ವಿಕೆಟ್‌ಕೀಪರ್ ಗಾಯಗೊಂಡ. ಅವನ ಬದಲಿಗೆ 20 ಲಕ್ಷಕ್ಕೆ ಪಾಟಿದಾರ್‌ಗೆ ಕರೆ ಹೋಯಿತು. ಮದುವೆ ಮುಂದಕ್ಕೆ ಹೋಯಿತು. ಮೇ 25ರಂದು ಈಡನ್ ಗಾರ್ಡನ್ಸ್‌ನಲ್ಲಿ ಲಖನೌ ವಿರುದ್ಧ ಎಲಿಮಿನೇಟರ್ ಪಂದ್ಯದಲ್ಲಿ 54 ಚೆಂಡಿಗೆ ಅಜೇಯ 112. ಮುಂದಿನ ವರ್ಷ ಇವನದೇ ಹಿಮ್ಮಡಿಗೆ ಪೆಟ್ಟಾಗಿ 2023ರ ಇಡೀ ಐಪಿಎಲ್ ತಪ್ಪಿತು. ಒಬ್ಬನ ಗಾಯದಿಂದ ಒಳಗೆ ಬಂದವನು ತನ್ನ ಗಾಯದಿಂದ ಹೊರಗೆ ಕೂತ. ಲವನೀತ್‌ಗೆ ಪೆಟ್ಟಾಗದೆ ಇದ್ದಿದ್ದರೆ? ಈ ಪ್ರಶ್ನೆಯನ್ನು ಮೂರು ಲೋಟ ಕಾಫಿ ಮುಗಿಯುವವರೆಗೆ ಚರ್ಚಿಸಬಹುದು, ಚರ್ಚಿಸಿದ್ದೇವೆ ಕೂಡ.

ಒಬ್ಬನ ಗಾಯ ಇನ್ನೊಬ್ಬನಿಗೆ ಬಾಗಿಲು ತೆರೆದದ್ದು ಇದೇ ಮೊದಲೂ ಅಲ್ಲ. 2011ರ ಜನವರಿಯ ಹರಾಜಿನಲ್ಲಿ ಕ್ರಿಸ್ ಗೇಲ್‌ನನ್ನೂ ಯಾರೂ ಕೊಳ್ಳಲಿಲ್ಲ. ಆರ್‌ಸಿಬಿಯ ವೇಗಿ ಡರ್ಕ್ ನ್ಯಾನಸ್ ಗಾಯಗೊಂಡದ್ದರಿಂದ ಏಪ್ರಿಲಿನಲ್ಲಿ ಬಂದ. ಬಂದ ಮೊದಲ ಪಂದ್ಯದಲ್ಲೇ ಕೋಲ್ಕತ್ತಾ ವಿರುದ್ಧ ಅಜೇಯ 102, ಆ ಸಲದ ಆರೆಂಜ್ ಕ್ಯಾಪೂ ಅವನದೇ. ವೇಗದ ಬೌಲರ್‌ಗೆ ಬದಲಿಯಾಗಿ ಆರಂಭಿಕ ಬ್ಯಾಟರ್! ಯಾವ ಪ್ಲಾನೂ ಹೀಗೆ ಹೇಳುವುದಿಲ್ಲ.

ಹರಾಜಿನ ಬದಲು ಆಟಗಾರರನ್ನು ಸರದಿಯಲ್ಲಿ ಆರಿಸುವ ‘ಡ್ರಾಫ್ಟ್’ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ, ಅವರ ಫುಟ್‌ಬಾಲ್ ಲೀಗಿನಲ್ಲಿ. ಕೈಯಲ್ಲಿ ಹಿಡಿದು ಓಡುವ ಆ ಆಟಕ್ಕೆ ನಮ್ಮ ಲೆಕ್ಕದಲ್ಲಿ ಆ ಹೆಸರು ಯಾಕೋ, ಇರಲಿ. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಹಣವಂತರೇ ಎಲ್ಲರನ್ನೂ ಬಾಚಿಕೊಳ್ಳದಿರಲಿ ಎಂಬ ಏರ್ಪಾಡು. 1936ರಲ್ಲಿ ನಡೆದ ಮೊಟ್ಟಮೊದಲ ಡ್ರಾಫ್ಟಿನಲ್ಲಿ ಮೊಟ್ಟಮೊದಲು ಆಯ್ಕೆಯಾದವನು ಜೇ ಬರ್ವಾಂಗರ್. ಅವನು ಆ ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಆಯ್ಕೆಯ ಇತಿಹಾಸ ಶುರುವಾದದ್ದೇ ಹೀಗೆ. ಅಲ್ಲಿನ ಪ್ರೀಸೀಸನ್ ಎಂಬುದು ನಮ್ಮ ಕೆಸರುಗದ್ದೆಯಂತೆಯೇ, ಅಂಕಕ್ಕೆ ಸೇರದ ಆದರೆ ಕಾಲು ಮುರಿಯಬಲ್ಲ ಆಟ. 1999ರ ಆಗಸ್ಟ್ 28ರಂದು ಅಂಥದೊಂದು ಪಂದ್ಯದಲ್ಲಿ ಸೇಂಟ್ ಲೂಯಿ ರ‍್ಯಾಮ್ಸ್ ತಂಡದ ಟ್ರೆಂಟ್ ಗ್ರೀನ್‌ನ ಮಂಡಿ ಹೋಯಿತು. ಬದಲಿಗೆ ಬಂದವನು ಕರ್ಟ್ ವಾರ್ನರ್. ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾಗಿ, ಒಂದು ಕಾಲಕ್ಕೆ ರಾತ್ರಿ ಪಾಳಿಯಲ್ಲಿ ಅಂಗಡಿಯ ಕಪಾಟುಗಳಿಗೆ ಸಾಮಾನು ಜೋಡಿಸುತ್ತಿದ್ದವನು. ಮುಂದಿನ ಜನವರಿಯಲ್ಲಿ ಆ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ.

ಇಂಥ ಕಥೆಗಳನ್ನು ಹೇಳುವಾಗ ಒಂದು ಎಚ್ಚರ ಬೇಕು. ನೆನಪಲ್ಲಿ ಉಳಿಯುವುದು ಗೇಲ್, ಪಾಟಿದಾರ್, ವಾರ್ನರ್. ಬದಲಿಯಾಗಿ ಬಂದು, ಬೆಂಚು ಕಾಯಿಸಿ, ಕಿಟ್ ಹೊತ್ತು ಮನೆಗೆ ಹೋದವರ ಪಟ್ಟಿ ಯಾರ ಹತ್ತಿರವೂ ಇಲ್ಲ. 2023ರಲ್ಲಿ ಇದೇ ಆರ್‌ಸಿಬಿಯ ಗತಿ ನೋಡಿ: 3.2 ಕೋಟಿಯ ವಿಲ್ ಜಾಕ್ಸ್ ಟೂರ್ನಿಗೆ ಮುಂಚೆಯೇ ಬಾಂಗ್ಲಾದೇಶದಲ್ಲಿ ತೊಡೆ ನೋಯಿಸಿಕೊಂಡು ಹೊರಬಿದ್ದ, ಪಾಟಿದಾರ್ ಇಲ್ಲ, 1.9 ಕೋಟಿಯ ರೀಸ್ ಟಾಪ್ಲಿ ಮೊದಲ ಪಂದ್ಯದಲ್ಲೇ ಚಿನ್ನಸ್ವಾಮಿಯಲ್ಲಿ ಬಿದ್ದು ಭುಜ ತಪ್ಪಿಸಿಕೊಂಡ. ಆ ವರ್ಷ ಯಾವ ಬದಲಿಯೂ ಅವತಾರ ಎತ್ತಲಿಲ್ಲ. ತಂಡ ಪ್ಲೇಆಫಿಗೂ ಹೋಗಲಿಲ್ಲ.

ಕಾಲಲ್ಲಿ ಆಡುವ ಫುಟ್‌ಬಾಲಿಗೇ ಬರೋಣ. ಇಂಡಿಯನ್ ಸೂಪರ್ ಲೀಗಿನಲ್ಲೂ ಮೊದಲ ವರ್ಷಗಳಲ್ಲಿ ಡ್ರಾಫ್ಟ್ ಇತ್ತು. 2017ರ ಜುಲೈ 23ರಂದು ಮುಂಬೈಯಲ್ಲಿ ನಡೆದ ಡ್ರಾಫ್ಟಿನಲ್ಲಿ ಅತಿ ದುಬಾರಿಯಾದವರು ಇಬ್ಬರು, ತಲಾ 1.10 ಕೋಟಿ: ಜಮ್‌ಷೆಡ್‌ಪುರಕ್ಕೆ ಹೋದ ಅನಸ್ ಎಡತೊಡಿಕ ಮತ್ತು ಅದುವರೆಗೆ ಬೆಂಗಳೂರು ಎಫ್‌ಸಿಯ ಮಿಡ್‌ಫೀಲ್ಡಿನ ಜೀವವಾಗಿದ್ದು ಕೋಲ್ಕತ್ತಾದ ಎಟಿಕೆಗೆ ಹೋದ ಯೂಜಿನ್‌ಸನ್ ಲಿಂಗ್ಡೊ. ಆ ಸಲ ಇಬ್ಬರ ಬೆನ್ನನ್ನೂ ಗಾಯ ಬಿಡಲಿಲ್ಲ. ಅದೇ ಡ್ರಾಫ್ಟಿನಲ್ಲಿ ಬೆಂಗಳೂರು ಆರಿಸಿಕೊಂಡ ರಾಹುಲ್ ಭೇಕೆ ಎಂಬ ಡಿಫೆಂಡರ್ ಬಗ್ಗೆ ಯಾರೂ ಶೀರ್ಷಿಕೆ ಬರೆಯಲಿಲ್ಲ. 2019ರ ಮಾರ್ಚ್ 17ರ ಫೈನಲಿನಲ್ಲಿ, ಹೆಚ್ಚುವರಿ ಸಮಯದ ಕೊನೆಕೊನೆಗೆ, ಗೋವಾ ವಿರುದ್ಧ ತಲೆಯಲ್ಲಿ ಗೋಲು ಹೊಡೆದು ಕಪ್ ತಂದವನು ಅವನೇ. ಡಿಫೆಂಡರ್ ಹುಡುಗರನ್ನು ಎಂಟು ಸಾವಿರಕ್ಕೆ ಬಿಟ್ಟುಕೊಡಬಾರದು ಎಂದ ನಮ್ಮ ಹೋಟೆಲಿನ ಗಿರಾಕಿಯ ಮಾತು ಅಲ್ಲಿಗೆ ಪೂರ್ತಿ ತಳ್ಳಿಹಾಕುವಂಥದ್ದಲ್ಲ.

ಕಬಡ್ಡಿಯಲ್ಲಿ ಇದಕ್ಕಿಂತ ಕಟುವಾದ ಉದಾಹರಣೆ ಇದೆ, ಅದೂ ಬೆಂಗಳೂರಿನ ಕಂಠೀರವದಲ್ಲೇ ನಡೆದದ್ದು. ಬೆಂಗಳೂರು ಬುಲ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟಿದ್ದ ಪವನ್ ಸೆಹ್ರಾವತ್‌ನನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು; ಪ್ರೊ ಕಬಡ್ಡಿಯಲ್ಲಿ ಅಂದಿನವರೆಗೆ ಅಷ್ಟು ಬೆಲೆ ಯಾರಿಗೂ ಬಂದಿರಲಿಲ್ಲ. ಅಂಥವನನ್ನು ಬುಲ್ಸ್ ಬಿಟ್ಟಿತಲ್ಲ ಎಂದು ಇಲ್ಲಿ ಹೊಟ್ಟೆ ಉರಿದುಕೊಂಡವರು ಬಹಳ. ಅಕ್ಟೋಬರಿನಲ್ಲಿ ತಲೈವಾಸ್‌ನ ಮೊದಲ ಪಂದ್ಯ. ಎದುರಾಳಿಯನ್ನು ಹಿಡಿಯಲು ಹೋದ ಪವನ್ ಮಂಡಿ ಹಿಡಿದು ಬಿದ್ದ. ಸ್ಟ್ರೆಚರ್ ಬಂತು. ಸೀಸನ್ ಮುಗಿಯಿತು. ಅಷ್ಟು ಹೊತ್ತಿಗೆ ಬುಲ್ಸ್ ಆಡಳಿತದವರು ಮಹಾ ಬುದ್ಧಿವಂತರಾಗಿಬಿಟ್ಟರು! ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಪವನ್ ಇಲ್ಲದ ತಲೈವಾಸ್‌ನಲ್ಲಿ ನರೇಂದರ್ ಎಂಬ ಹೊಸ ಹುಡುಗ 200ಕ್ಕೂ ಹೆಚ್ಚು ರೇಡ್ ಪಾಯಿಂಟ್ ತಂದ. ತಂಡ ಮೊದಲ ಬಾರಿಗೆ ಸೆಮಿಫೈನಲ್ ಕಂಡಿತು. ಮರುವರ್ಷದ ಹರಾಜಿನಲ್ಲಿ ಪವನ್‌ನ ಬೆಲೆ ಇಳಿಯಬೇಕಿತ್ತಲ್ಲ? ತೆಲುಗು ಟೈಟನ್ಸ್ 2.6 ಕೋಟಿ ಕೊಟ್ಟಿತು.

ಹಾಗಾದರೆ ಸೀಸನ್ ಶುರುವಾಗುವ ಹೊತ್ತಿಗೇ ಕಾಲುಗಳು ಯಾಕೆ ಹೀಗೆ ಕೈಕೊಡುತ್ತವೆ? ನಮ್ಮ ಕಡೆಯ ಲೆಕ್ಕದಲ್ಲೇ ಹೇಳುತ್ತೇನೆ. ಜೂನ್, ಜುಲೈ ಎರಡು ತಿಂಗಳು ಮೈದಾನದಲ್ಲಿ ನೀರು. ಹುಡುಗರು ಓಡುವುದಿಲ್ಲ. ಆಮೇಲೆ ಒಂದು ದಿನ ಮಳೆ ಬಿಡುತ್ತದೆ, ಅಂದೇ ಮೂರು ಪಂದ್ಯ. ಉಸಿರು ವಾರ ಎರಡು ವಾರದಲ್ಲಿ ಹದಕ್ಕೆ ಬರುತ್ತದೆ; ಸ್ನಾಯು, ಅದನ್ನು ಎಲುಬಿಗೆ ಕಟ್ಟಿದ ಸ್ನಾಯುರಜ್ಜು ಅಷ್ಟು ಬೇಗ ಬರುವುದಿಲ್ಲ. ದಮ್ಮು ಇದೆ ಎಂದು ಹುಡುಗ ಓಡುತ್ತಾನೆ, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಚುಳಕ್ ಅನ್ನುತ್ತದೆ. ದೊಡ್ಡವರಿಗೂ ಇದು ಬಗೆಹರಿದಿಲ್ಲ. ಯುರೋಪಿನ ದೊಡ್ಡ ಕ್ಲಬ್ಬುಗಳ ಗಾಯಗಳನ್ನು 2001ರಿಂದ ಬರೆದಿಡುತ್ತಾ ಬಂದಿರುವ ಸ್ವೀಡನ್ನಿನ ವೈದ್ಯ ಯಾನ್ ಎಕ್ಸ್ಟ್ರಾಂಡ್ ಮತ್ತು ಸಂಗಡಿಗರ ಲೆಕ್ಕದಂತೆ, ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗಿನ ಪಾಲು ಮೊದಲ ಸೀಸನ್ನಿನಲ್ಲಿ ಶೇ 12 ಇದ್ದದ್ದು 2021–22ರ ಹೊತ್ತಿಗೆ ಶೇ 24 ಆಗಿತ್ತು. ಫಿಸಿಯೊಗಳು, ಯಂತ್ರಗಳು, ಕೋಟಿಗಟ್ಟಲೆ ಹಣ ಎಲ್ಲ ಇದ್ದೂ ದುಪ್ಪಟ್ಟು. ಆಟದ ವೇಗ ಏರಿದೆ, ಪಂದ್ಯಗಳು ಏರಿವೆ, ಬಿಡುವು ಇಳಿದಿದೆ.

ಎಸಿಎಲ್‌ದು ಬೇರೆ ಕಥೆ. ತೊಡೆ ಎಲುಬು ಮತ್ತು ಮೊಣಕಾಲ ಕೆಳಗಿನ ಎಲುಬು ಒಂದರ ಮೇಲೊಂದು ಜಾರದಂತೆ, ತಿರುಚದಂತೆ ಕಟ್ಟಿದ ಹಗ್ಗ ಅದು. ಕಿರುಬೆರಳಿನಷ್ಟೂ ಉದ್ದವಿಲ್ಲ. ಅದು ಹೆಚ್ಚಾಗಿ ಹರಿಯುವುದು ಇನ್ನೊಬ್ಬನ ಒದೆತದಿಂದಲ್ಲ. ಪಾದ ಊರಿಕೊಂಡು ಮೈ ತಿರುಗಿದಾಗ, ಮಂಡಿ ಒಳಕ್ಕೆ ವಾಲಿದಾಗ. ಬೂಟಿನ ಮೊಳೆ ಹುಲ್ಲಿನಲ್ಲಿ ಕಚ್ಚಿದರೂ ಅದೇ, ಬರಿಗಾಲು ಗದ್ದೆಯಲ್ಲಿ ಹೂತರೂ ಅದೇ. ಬದುವಿನ ಮೇಲೆ ನಿಂತು ನಾನು ಕಂಡದ್ದು ಪುಸ್ತಕದಲ್ಲಿ ಬರೆದಿಟ್ಟಂತೆ ಇತ್ತು.

ಇದಕ್ಕೆ ಮದ್ದಿಲ್ಲವೇ ಅಂದರೆ, ಇದೆ. ಪುಕ್ಕಟೆಯದು, ಅದಕ್ಕೇ ಯಾರೂ ಮಾಡುವುದಿಲ್ಲ. ಫಿಫಾದವರು ರೂಪಿಸಿದ ‘11+’ ಎಂಬ ಇಪ್ಪತ್ತು ನಿಮಿಷದ ತಯಾರಿ ಇದೆ: ಮೆಲ್ಲಗೆ ಓಟ, ಒಂಟಿಕಾಲಲ್ಲಿ ನಿಲ್ಲುವುದು, ಜಿಗಿದು ಮಂಡಿ ವಾಲದಂತೆ ಇಳಿಯುವುದು. ನಾರ್ವೆಯಲ್ಲಿ ಹದಿಹರೆಯದ ಹುಡುಗಿಯರ ತಂಡಗಳ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗ ಇಳಿದಿದ್ದವು. ಹ್ಯಾಮ್‌ಸ್ಟ್ರಿಂಗಿಗೆ ಇನ್ನೂ ಸರಳ: ಮಂಡಿಯೂರಿ ನೆಟ್ಟಗೆ ನಿಲ್ಲಬೇಕು, ಜೊತೆಗಾರ ಹಿಂದಿನಿಂದ ಹಿಮ್ಮಡಿ ಒತ್ತಿ ಹಿಡಿಯಬೇಕು, ಬೆನ್ನು ಬಾಗಿಸದೆ ಮೈಯನ್ನು ನಿಧಾನ ಮುಂದಕ್ಕೆ ಬೀಳಲು ಬಿಡಬೇಕು. ತಪ್ಪದೆ ಮಾಡಿದ ತಂಡಗಳಲ್ಲಿ ಆ ಗಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಕಾಫಿ ಕಣದಲ್ಲಿ ಒಂದು ಗೋಣಿತಾಟು ಹಾಸಿಕೊಂಡರೆ ಸಾಕು, ಜಿಮ್ ಬೇಡ.

ಅಕ್ಟೋಬರಿನಲ್ಲಿ ನಮ್ಮ 42 ಸಾವಿರದ ಹುಡುಗನನ್ನು ನೋಡಲು ಹೋದೆ. ಕಳಸದಿಂದ ಒಳಗೆ, ಭದ್ರಾ ಹೊಳೆಯ ಆಚೆ ಮನೆ. ಆಪರೇಷನ್ ಆಗಿತ್ತು. ಜಗುಲಿಯ ಮೇಲೆ ಕೂತು, ಮಂಡಿಯ ಅಡಿಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಹಿಡಿದು ಹತ್ತು ಎಣಿಸಿ ಬಿಡುತ್ತಿದ್ದ. ಎಡತೊಡೆ ಬಲತೊಡೆಗಿಂತ ಸಣ್ಣಗಾಗಿತ್ತು. ಅವನ ಅಮ್ಮ ಕಾಫಿ ತಂದಿಟ್ಟು ಒಳಗೆ ಹೋದ ಮೇಲೆ ಮೆಲ್ಲನೆ ಹೇಳಿದ.

‘ಸಾರ್, ಬೈಬೇಡಿ. ಹೋದ್ವರ್ಷ ಸೆಮೀಸಲ್ಲಿ ಇದೇ ಮಂಡಿ ಉಳುಕಿತ್ತು. ಎರಡು ವಾರ ಬಾತಿತ್ತು. ಎಣ್ಣೆ ತಿಕ್ಕಿಸ್ಕೊಂಡೆ, ಹೋಯ್ತು ಅನ್ಕೊಂಡೆ.’

‘ಹರಾಜಿಗೆ ಮುಂಚೆ ಯಾಕಪ್ಪ ಹೇಳ್ಲಿಲ್ಲ?’

‘ಯಾರೂ ಕೇಳ್ಲಿಲ್ಲ ಸಾರ್.’

ಆ ಮಾತು ದಾರಿಯುದ್ದಕ್ಕೂ ನನ್ನ ಜೊತೆ ಬಂತು. ಒಮ್ಮೆ ಪೆಟ್ಟು ತಿಂದ ಜಾಗವೇ ಮತ್ತೆ ಪೆಟ್ಟು ತಿನ್ನುವ ಸಂಭವ ಹೆಚ್ಚು. ಗಾಯಗಳ ಬಗ್ಗೆ ನಡೆದಿರುವ ಅಧ್ಯಯನಗಳು ಒಟ್ಟಾಗಿ ಹೇಳುವ ಒಂದು ಸಂಗತಿ ಇದ್ದರೆ ಅದು ಇದೇ. ನಮ್ಮ ಹರಾಜಿನ ಅರ್ಜಿಯಲ್ಲಿ ಹೆಸರು, ಊರು, ವಯಸ್ಸು, ಜೆರ್ಸಿ ಸೈಜು, ಬೆನ್ನ ಮೇಲೆ ಬೇಕಾದ ನಂಬರು, ಎಲ್ಲಕ್ಕೂ ಜಾಗವಿತ್ತು. ಮಂಡಿಯ ಬಗ್ಗೆ ಒಂದು ಗೆರೆ ಇರಲಿಲ್ಲ. ಆ ಅರ್ಜಿ ತಯಾರಿಸಿದವನೂ ನಾನೇ.

ಇಲ್ಲಿ ನಮ್ಮ ಮನೆಯ ಒಂದು ಮಾತು ಹೇಳಬೇಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1985ರಲ್ಲಿ ‘ಕಾವೇರಿ’ ತಳಿ ಬಿಡುಗಡೆ ಮಾಡಿದಾಗ ಅಪ್ಪ ಎರಡು ಎಕರೆಯಲ್ಲಿ ಹಳೇ ಎಸ್. 795 ಕಿತ್ತು ಅದನ್ನು ಹಾಕಿದರು. ಗಿಡ್ಡ ಗಿಡ, ಬೇಗ ಫಸಲು, ಎಲೆ ತುಕ್ಕು ಹತ್ತದು ಎಂಬ ಭರವಸೆ. ಮೊದಲ ಫಸಲುಗಳು ನಿಜಕ್ಕೂ ಗೊಂಚಲು ಗೊಂಚಲು. ಕೆಲವು ವರ್ಷದಲ್ಲಿ ತುಕ್ಕು ಅದಕ್ಕೂ ಹತ್ತಿತು, ಮೇಲಿಂದ ಬಿಳಿ ಕಾಂಡಕೊರಕ. ದೊಡ್ಡಪ್ಪ ಸಾಯುವವರೆಗೂ ‘ನಾನು ಅವತ್ತೇ ಹೇಳಿದ್ದೆ’ ಎನ್ನುತ್ತಿದ್ದರು. ಅಪ್ಪ ಎದುರು ಮಾತಾಡುತ್ತಿರಲಿಲ್ಲ; ಒಮ್ಮೆ ಮಾತ್ರ ನನ್ನ ಹತ್ತಿರ ಹೇಳಿದ್ದರು: ‘ತುಕ್ಕು ರೋಗ ಸ್ವಭಾವ ಬದಲಿಸುತ್ತದೆ ಎಂದು ಆ ದಿನ ನನಗೆ ಯಾರು ಹೇಳಬಹುದಿತ್ತು? ಆದರೆ ಬಿಸಿಲಿಗೆ ಮುಖ ಮಾಡಿದ ಓರೆಯಲ್ಲಿ ಮರಗಸಿ ಜಾಸ್ತಿ ಮಾಡಿ ನೆರಳು ಬಯಲು ಮಾಡಿದೆನಲ್ಲ, ಕೊರಕ ಬರುವುದು ಅಂಥ ಕಡೆಗೇ ಎಂದು ಎಲ್ಲರಿಗೂ ಗೊತ್ತಿತ್ತು. ಅದು ನನ್ನ ತಪ್ಪು.’

ಆಯ್ಕೆಯ ತಪ್ಪು ಒಪ್ಪುಗಳನ್ನು ಇಷ್ಟು ಸರಿಯಾಗಿ ವಿಂಗಡಿಸಿದ ಇನ್ನೊಬ್ಬರನ್ನು ನಾನು ಟಿವಿಯ ಕಾಮೆಂಟರಿ ಬಾಕ್ಸಿನಲ್ಲೂ ಕಂಡಿಲ್ಲ. ಕೆಸರಿನಲ್ಲಿ ಕಾಲು ಸಿಕ್ಕಿದ್ದು ತುಕ್ಕು ರೋಗದ ಹಾಗೆ. ಅದನ್ನು ನನ್ನ ತಲೆಗೆ ಕಟ್ಟಿದರೆ ನಾನು ಒಪ್ಪುವುದಿಲ್ಲ. ಉಳುಕಿದ ಮಂಡಿಯ ಬಗ್ಗೆ ಕೇಳದೆ ಹೋದದ್ದು ನೆರಳು ಕಡಿದ ಹಾಗೆ. ಕೇಳಿದ್ದರೆ ಗೊತ್ತಾಗುತ್ತಿತ್ತು. ಇನ್ನೂ ಒಂದಿದೆ. ಅವನನ್ನು ಆರಿಸಿದ್ದು ತಪ್ಪಲ್ಲ, ಒಂದು ಲಕ್ಷದಲ್ಲಿ 42 ಸಾವಿರವನ್ನು ಒಂದೇ ಮಂಡಿಯ ಮೇಲೆ ಇಟ್ಟದ್ದು ತಪ್ಪು. ಕಾಫಿ ಕೈಕೊಟ್ಟರೆ ಮೆಣಸು, ಮೆಣಸು ಸೊರಗಿದರೆ ಅಡಿಕೆ ಎಂದು ಬದುಕುವ ಊರಿನವರು ನಾವು. ತೋಟದಲ್ಲಿ ಮಾಡದ ಕೆಲಸವನ್ನು ಹರಾಜಿನಲ್ಲಿ ಮಾಡಿದೆವು. ಹೋಟೆಲಿನ ಎರಡನೇ ಮಾತು, ಒಬ್ಬನ ಮೇಲೆ ಸುರಿದದ್ದರ ಬಗ್ಗೆ ಹೇಳಿದ್ದು, ಹೇಳಿದ ಹೊತ್ತು ತಪ್ಪಿದರೂ ಮಾತು ಸರಿಯೇ.

ಹರಾಜಿನ ಕಣ್ಣು ಆ ದಿನದ ಪಟ್ಟಿಯನ್ನಷ್ಟೇ ನೋಡುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯದೇ ಸಾಕ್ಷಿ ಇದೆ. ಕಡೂರಿನ ವೇದಾ ಕೃಷ್ಣಮೂರ್ತಿ ಭಾರತಕ್ಕೆ 48 ಏಕದಿನ, 76 ಟಿ20 ಆಡಿದವಳು, 2017ರ ವಿಶ್ವಕಪ್ ಫೈನಲ್ ಆಡಿದವಳು. 2023ರ ಫೆಬ್ರುವರಿಯಲ್ಲಿ ಮೊದಲ ಮಹಿಳಾ ಪ್ರೀಮಿಯರ್ ಲೀಗಿನ ಹರಾಜು ನಡೆದಾಗ ಅವಳಿಗೆ ಒಂದು ಕೈಯೂ ಏಳಲಿಲ್ಲ. ಅದೇ ಡಿಸೆಂಬರಿನಲ್ಲಿ ಗುಜರಾತ್ ಜೈಂಟ್ಸ್ ಮೂಲಬೆಲೆ 30 ಲಕ್ಷಕ್ಕೆ ಕರೆದುಕೊಂಡಿತು. ನಮ್ಮ ಮನೆಯಲ್ಲಿ ಆ ಫೆಬ್ರುವರಿಯ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅದು ಅಭಿಮಾನದ ಸಿಟ್ಟು, ಲೆಕ್ಕದ್ದಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಲೀಗಿನ ಸುದ್ದಿ ಬೇಗ ಹೇಳಿ ಮುಗಿಸುತ್ತೇನೆ. ಗಾಯಗೊಂಡವನ ಜಾಗಕ್ಕೆ, ಹರಾಜಿನಲ್ಲಿ ಉಳಿದುಹೋಗಿದ್ದ ಮೂಡಿಗೆರೆಯ ಪಿಯುಸಿ ಹುಡುಗನೊಬ್ಬನನ್ನು ಮೂಲಬೆಲೆಗೆ ಹಾಕಿಕೊಂಡೆವು. ಅವನು ಪಾಟಿದಾರ್ ಆಗಲಿಲ್ಲ. ಚೆನ್ನಾಗಿ ಓಡಿದ, ಎರಡು ಗೋಲು ಹೊಡೆದ, ಒಂದು ಪೆನಾಲ್ಟಿ ಆಕಾಶಕ್ಕೆ ಹೊಡೆದ. ಆರು ತಂಡಗಳಲ್ಲಿ ನಮ್ಮದು ನಾಲ್ಕನೆಯದು. ಎಂಟು ಸಾವಿರದ ಡಿಫೆಂಡರ್ ಇದ್ದ ತಂಡ ಐದನೆಯದು. ಅದರ ಬಗ್ಗೆ ಹೋಟೆಲಿನಲ್ಲಿ ಯಾರೂ ಮಾತೆತ್ತಲಿಲ್ಲ.

ಮುಂದಿನ ಹರಾಜಿನ ಅರ್ಜಿಯನ್ನು ಈಗಲೇ ಟೈಪ್ ಮಾಡಿಸಿದ್ದೇನೆ. ಜೆರ್ಸಿ ಸೈಜಿನ ಮೇಲೆ ಹೊಸದೊಂದು ಸಾಲು ಬಂದಿದೆ: ‘ಹಿಂದೆ ಆದ ಪೆಟ್ಟು, ಯಾವ ಕಾಲು, ಯಾವ ತಿಂಗಳು’. ಒಬ್ಬ ಆಟಗಾರನಿಗೆ 25 ಸಾವಿರಕ್ಕಿಂತ ಹೆಚ್ಚು ಕೂಗುವಂತಿಲ್ಲ ಎಂದು ಆರೂ ತಂಡದವರು ಸಹಿ ಹಾಕಿದ್ದಾರೆ. ಹರಾಜಾದ ಹುಡುಗರು ಕೆಸರುಗದ್ದೆಗೆ ಇಳಿಯಬಾರದು ಎಂಬ ನಿಯಮವೂ ಚರ್ಚೆಗೆ ಬಂದಿತ್ತು. ಮಲೆನಾಡಿನಲ್ಲಿ ಅದು ನಡೆಯುವ ಮಾತಲ್ಲವೆಂದು ಕೈಬಿಟ್ಟೆವು. ನಿಮ್ಮೂರಲ್ಲೂ ಇಂಥ ಲೀಗ್ ಇದ್ದರೆ, ಹರಾಜಿಗೆ ಮುಂಚೆ ಹುಡುಗರನ್ನು ಪಕ್ಕಕ್ಕೆ ಕರೆದು ಅವರ ಮಂಡಿಯ ಬಗ್ಗೆ ಒಂದು ಮಾತು ಕೇಳಿ.